ಬೂದಿಯಾದ ದೇಹವು ಏಳುವದೋ?



ಕರ್ತನ ದಿನದಲ್ಲಿ ನಾವು ಆರಾಧನೆಗಾಗಿ ಕೂಡಿಬಂದಾಗ ಅಪೊಸ್ತಲರ ವಿಶ್ವಾಸಪ್ರಮಾಣವನ್ನು ಒಂದೇ ಸ್ವರದಿಂದ ಹೇಳುತ್ತೇವಷ್ಟೆ. ಅದರ ಕಡೇ ಭಾಗದಲ್ಲಿ ದೇಹದ ಪುನರುತ್ಥಾನವನ್ನು ನಂಬುತ್ತೇವೆಂದು ಅರಿಕೆಮಾಡುತ್ತೇವೆ. ಲತೀನ್ ಮೂಲದಲ್ಲಿ ಆ ಸ್ಥಳದಲ್ಲಿರುವ ಮಾತು ಇನ್ನೂ ಸ್ಪಷ್ಟವಾದದ್ದು. ಅದರ ಅರ್ಥವು ‘ಮಾಂಸ’ವೆಂದೇ. ಆತ್ಮವು ಉಳಿಯುವದೆಂದು ಮಾತ್ರ ಹೇಳಿ ಸುಮ್ಮನಾಗದೆ, ಹಸಿವು ಬಾಯಾರಿಕೆಗಳನ್ನೂ ದುಡಿಮೆ ದಣಿವುಗಳನ್ನೂ ಅರಿತ ಈ ಶರೀರವನ್ನೇ ಪೂರ್ವಕಾಲದ ಸಭೆಯವರು ಹೆಸರಿಸಿದರು.

ಈ ಮಾತನ್ನು ಬಾಯಿಂದ ಹೇಳುವದು ಸುಲಭ. ಆದರೆ ಮನೆಯಲ್ಲಿ ಸಾವು ಬಂದಾಗ ಪ್ರಶ್ನೆಗಳು ಏಳುತ್ತವೆ. ಮಣ್ಣಿನಲ್ಲಿ ಕೊಳೆತುಹೋದದ್ದು ಏಳುವದು ಹೇಗೆ? ನಂಬಿಕೆಯಿಂದ ಸತ್ತವನೊಬ್ಬನ ದೇಹವನ್ನು ಬಂಧುಗಳು ಸುಟ್ಟುಬಿಟ್ಟರೆ ಅವನ ಗತಿ ಏನು? ಹೊಳೆಯ ನೆರೆಯಲ್ಲಿ ಕೊಚ್ಚಿಹೋದವಳ ಒಂದು ಮೂಳೆಯೂ ಸಿಕ್ಕದಿದ್ದರೆ ಅವಳಿಗೆ ಪುನರುತ್ಥಾನವಿಲ್ಲವೋ? ಹೀಗೆ ಕೇಳುವವರನ್ನು ಅಲ್ಪವಿಶ್ವಾಸಿಗಳೆಂದು ಗದರಿಸಬಾರದು. ಇವು ಹೊಸ ಪ್ರಶ್ನೆಗಳೂ ಅಲ್ಲ. ಅಪೊಸ್ತಲರ ಕಾಲದಲ್ಲಿಯೇ ಒಂದು ಸಭೆಯು ಇಂಥದನ್ನು ಕೇಳಿತು. ನೂರಿಪ್ಪತ್ತು ವರುಷಗಳ ತರುವಾಯ ಇನ್ನೊಂದು ಸಭೆಯು ಇದಕ್ಕೆ ಉತ್ತರವನ್ನು ತನ್ನ ಕಣ್ಣೀರಿನಲ್ಲಿಯೇ ಹುಡುಕಬೇಕಾಯಿತು. ಆ ಎರಡು ಸಭೆಗಳಿಂದ ನಾವು ಈ ಪಾಠವನ್ನು ಕಲಿಯೋಣ.

1. ಕೊರಿಂಥ ಸಭೆಯ ಸಂದೇಹವು

ಗ್ರೀಸ್ ದೇಶದ ಕೊರಿಂಥವು ಎರಡು ಸಮುದ್ರಗಳ ನಡುವಣ ಇಕ್ಕಟ್ಟಾದ ಭೂಮಿಯ ಬಳಿಯಲ್ಲಿರುವ ಪಟ್ಟಣವು. ಕ್ರಿ. ಪೂ. 146ರಲ್ಲಿ ರೋಮಾಯರು ಅದನ್ನು ಹಾಳುಮಾಡಿದರು, ಕ್ರಿ. ಪೂ. 44ರಲ್ಲಿ ಯೂಲಿಯ ಕೈಸರನು ಅದನ್ನು ತಿರಿಗಿ ನೆಲೆಗೊಳಿಸಿದನು. ಪೌಲನು ಸುಮಾರು ಕ್ರಿ. ಶ. 50ರಲ್ಲಿ ಅಲ್ಲಿಗೆ ಬಂದು ಒಂದೂವರೆ ವರುಷ ಉಪದೇಶಿಸಿದನೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಿಂದ ತಿಳಿಯುತ್ತೇವೆ. ಆಗ ಅಖಾಯ ಸೀಮೆಯ ಅಧಿಪತಿಯಾಗಿದ್ದ ಗಲ್ಲಿಯೋನನ ಹೆಸರುಳ್ಳ ಕಲ್ಲುಬರಹವು ದೆಲ್ಫಿ ಎಂಬಲ್ಲಿ ದೊರೆತದ್ದರಿಂದ ಈ ಕಾಲವು ಬಹಳ ಮಟ್ಟಿಗೆ ನಿಶ್ಚಯವಾಗಿದೆ. ಕೆಲವು ವರುಷಗಳಾದ ಮೇಲೆ ಪೌಲನು ಎಫೆಸದಲ್ಲಿದ್ದಾಗ ಆ ಸಭೆಯ ಸುದ್ದಿಯನ್ನು ಕೇಳಿ ಪತ್ರವನ್ನು ಬರೆದನು. ಅದರ 15ನೆಯ ಅಧ್ಯಾಯದ 58 ವಚನಗಳೂ ಈ ಒಂದೇ ವಿಷಯವನ್ನು ಕುರಿತವುಗಳಾಗಿವೆ.

ಕೊರಿಂಥದವರ ಸಂದೇಹವೇನು? ಕ್ರಿಸ್ತನು ಎದ್ದನೆಂಬದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಸತ್ತ ಮನುಷ್ಯರು ಏಳುವದಿಲ್ಲವೆಂದು ಅವರಲ್ಲಿ ಕೆಲವರು ಹೇಳುತ್ತಿದ್ದರು. ಇದು ಅವರು ಬೆಳೆದ ದೇಶದ ವಿಚಾರವೇ ಆಗಿತ್ತು. ಗ್ರೀಕ್ ಜ್ಞಾನಿಯಾದ ಪ್ಲಾಟೋ ತನ್ನ ಗುರುವಾದ ಸಾಕ್ರೆಟೀಸನ ಮರಣವನ್ನು ಬರೆದ ಗ್ರಂಥದಲ್ಲಿ, ದೇಹವು ಆತ್ಮಕ್ಕೆ ಸೆರೆಮನೆಯಂತಿರುವದೆಂದೂ ಮರಣವೆಂದರೆ ಆ ಸೆರೆಯಿಂದ ಬಿಡುಗಡೆಯೆಂದೂ ಕಲಿಸಿದ್ದನು. ಸೆರೆಯಿಂದ ಬಿಡುಗಡೆಯಾದವನು ತಿರಿಗಿ ಸೆರೆಗೆ ಹೋಗಲು ಬಯಸುವನೋ? ಆದಕಾರಣ ಪೌಲನು ಅಥೇನೆಯಲ್ಲಿ ಸತ್ತವರ ಪುನರುತ್ಥಾನದ ಮಾತನ್ನು ಎತ್ತಿದ ಕೂಡಲೆ ಕೆಲವರು ನಕ್ಕರು. ಆತ್ಮದ ಅಮರತ್ವವನ್ನು ಮಾತ್ರ ಹೇಳಿದ್ದರೆ ಅವರಲ್ಲಿ ಅನೇಕರು ತಲೆದೂಗುತ್ತಿದ್ದರು. ದೇಹವೆಂಬ ಮಾತೇ ಅವರಿಗೆ ತೊಡಕಾಯಿತು.

ಪೌಲನು ಕೊರಿಂಥದವರ ಮನಸ್ಸಿಗೆ ಹಿತವಾಗುವಂತೆ ಮಾತನ್ನು ಮೆದುಮಾಡಲಿಲ್ಲ. ಅವನು ನ್ಯಾಯವಾಗಿ ತರ್ಕಿಸಿದ್ದು ಹೇಗಂದರೆ: ಸತ್ತವರು ಏಳುವದೇ ಇಲ್ಲವಾದರೆ ಕ್ರಿಸ್ತನೂ ಎದ್ದಿಲ್ಲ, ಕ್ರಿಸ್ತನು ಎದ್ದಿಲ್ಲವಾದರೆ ಅಪೊಸ್ತಲರು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾದರು, ನೀವು ನಿಮ್ಮ ಪಾಪಗಳಲ್ಲಿಯೇ ಇದ್ದೀರಿ, ಕ್ರಿಸ್ತನಲ್ಲಿ ನಿದ್ರೆಹೋದವರೂ ನಾಶವಾದರು. ಕ್ರಿಸ್ತನ ಎದ್ದೇಳುವಿಕೆಯನ್ನೂ ನಮ್ಮದನ್ನೂ ಅವನು ಒಂದೇ ಹಗ್ಗದಿಂದ ಕಟ್ಟಿಬಿಟ್ಟನು. ಮೇಲಾಗಿ, ಎದ್ದ ಕರ್ತನನ್ನು ಕಂಡವರ ಹೆಸರುಗಳನ್ನು ಮುಂದಿಟ್ಟು, ಐನೂರಕ್ಕಿಂತ ಹೆಚ್ಚು ಸಹೋದರರು ಒಂದೇ ವೇಳೆಯಲ್ಲಿ ಆತನನ್ನು ಕಂಡರೆಂದೂ ಅವರಲ್ಲಿ ಹೆಚ್ಚು ಮಂದಿ ಆಗ ಜೀವದಿಂದಿದ್ದರೆಂದೂ ತಿಳಿಸಿದನು. ಬೇಕಾದವರು ಹೋಗಿ ವಿಚಾರಿಸಿಕೊಳ್ಳಬಹುದೆಂಬದೇ ಈ ಮಾತಿನ ತಾತ್ಪರ್ಯವು.

2. ಕರ್ತನು ಎದ್ದದ್ದು ಯಾವ ದೇಹದಲ್ಲಿ?

ನಮ್ಮ ಪುನರುತ್ಥಾನವು ಕರ್ತನ ಪುನರುತ್ಥಾನದ ಹಾಗೆಯೇ ಇರುವದಾದರೆ, ಆತನ ವಿಷಯದಲ್ಲಿ ಸುವಾರ್ತೆಗಳು ಏನು ಹೇಳುತ್ತವೆಂಬದನ್ನು ಮೊದಲು ನೋಡತಕ್ಕದ್ದು.

ಶಿಷ್ಯರು ಆತನನ್ನು ಕಂಡು ಭೂತವೆಂದು ಹೆದರಿದಾಗ, ಆತನು ತನ್ನ ಕೈಕಾಲುಗಳನ್ನು ತೋರಿಸಿ, ತನ್ನನ್ನು ಮುಟ್ಟಿನೋಡಬೇಕೆಂದು ಹೇಳಿ, ಅವರ ಕಣ್ಣೆದುರಿಗೆ ಸುಟ್ಟ ಮೀನಿನ ತುಂಡನ್ನು ತಿಂದನೆಂದು ಲೂಕನು 24ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ತೋಮನಿಗೆ ಆತನು ಮೊಳೆಗಳ ಗಾಯವನ್ನೂ ಪಕ್ಕೆಯನ್ನೂ ತೋರಿಸಿದನೆಂದು ಯೋಹಾನನು ತಿಳಿಸುತ್ತಾನೆ. ತಿಬೇರಿಯ ಸಮುದ್ರದ ದಡದಲ್ಲಿ ಕೆಂಡಗಳನ್ನು ಒಟ್ಟಿ, ರಾತ್ರಿಯೆಲ್ಲಾ ಬಲೆ ಬೀಸಿ ದಣಿದವರಿಗೆ ಮೀನನ್ನೂ ರೊಟ್ಟಿಯನ್ನೂ ಕೊಟ್ಟವನು ಆತನೇ. ಭೂತವು ಒಲೆಹೊತ್ತಿಸಿ ಊಟಕ್ಕೆ ಕರೆಯುವದಿಲ್ಲ. ಸಮಾಧಿಯು ಬರಿದಾಗಿತ್ತು, ಶಿಲುಬೆಯಲ್ಲಿ ಗಾಯಪಟ್ಟ ದೇಹವೇ ಎದ್ದಿತು.

ಆದರೂ ಅದು ಮೊದಲಿದ್ದ ಸ್ಥಿತಿಗೇ ಹಿಂತಿರುಗಲಿಲ್ಲ. ಬಾಗಿಲುಗಳು ಮುಚ್ಚಿರುವಾಗ ಆತನು ಶಿಷ್ಯರ ನಡುವೆ ಬಂದು ನಿಂತನು. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಆತನೊಂದಿಗೆ ನಡೆದರೂ ಗುರುತಿಸಲಾರದೆ ಹೋದರು. ಇಲ್ಲಿ ಲಾಜರನನ್ನು ನೆನಸೋಣ. ಅವನು ನಾಲ್ಕು ದಿನ ಸಮಾಧಿಯಲ್ಲಿದ್ದು ಕರ್ತನ ಮಾತಿಗೆ ಹೊರಗೆ ಬಂದನು. ಆದರೆ ಹಳೆಯ ದೇಹದ ಬಾಳಿಗೇ ಬಂದನು. ಮಹಾಯಾಜಕರು ಅವನನ್ನೂ ಕೊಲ್ಲಬೇಕೆಂದು ಆಲೋಚಿಸಿದರೆಂಬದರಿಂದ ಅವನ ದೇಹವು ಮರಣಕ್ಕೆ ಒಳಪಟ್ಟದ್ದೇ ಎಂಬದು ತಿಳಿಯುತ್ತದೆ. ಕ್ರಿಸ್ತನಾದರೋ ಇನ್ನೆಂದಿಗೂ ಸಾಯುವದಿಲ್ಲ. ಲಾಜರನು ಮರಣದ ಬಾಗಿಲಿನಿಂದ ಹಿಂದಕ್ಕೆ ಬಂದನು. ಕ್ರಿಸ್ತನು ಮರಣವನ್ನು ದಾಟಿ ಆಚೆಯ ದಡಕ್ಕೆ ಹೋದನು. ನಮಗೆ ವಾಗ್ದತ್ತವಾದದ್ದು ಈ ಎರಡನೆಯದು.

3. ಬೀಜವೂ ಪೈರೂ

ಸತ್ತವರು ಎಂಥ ದೇಹದಿಂದ ಬರುವರೆಂದು ಕೊರಿಂಥದವರು ಕೇಳಿದ್ದಕ್ಕೆ ಪೌಲನು ಹೊಲವನ್ನು ತೋರಿಸಿದನು. ಇದು ಪಟ್ಟಣದವರಿಗಿಂತ ನಮಗೇ ಚೆನ್ನಾಗಿ ತಿಳಿಯುವ ಮಾತು. ಬಿತ್ತುವವನು ಪೈರನ್ನು ಬಿತ್ತುವದಿಲ್ಲ, ಬರಿಯ ಕಾಳನ್ನು ಬಿತ್ತುತ್ತಾನೆ. ಕಾಳು ಮಣ್ಣಿನಲ್ಲಿ ಒಡೆದು ತನ್ನ ಹಳೆಯ ರೂಪವನ್ನು ಕಳೆದುಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯನ್ನು ಹಿಡಿದವನು ಇದು ನಾನು ಬಿತ್ತಿದ ಬೀಜವಲ್ಲವೆಂದು ಎಸೆಯುವನೋ? ರಾಗಿಯನ್ನು ಬಿತ್ತಿದವನಿಗೆ ರಾಗಿಯೇ ಬರುತ್ತದೆ. ಆದರೆ ಬಿತ್ತಿದ ಸಣ್ಣ ಕಾಳಿಗೂ ಎದ್ದುನಿಂತ ಪೈರಿಗೂ ಇರುವ ಅಂತರವನ್ನು ನೋಡಿರಿ. ಒಂದೇ ಆಗಿರುವದು, ಆದರೂ ಮಾರ್ಪಟ್ಟಿರುವದು. ಈ ಎರಡನ್ನೂ ಕೂಡಿಸಿಯೇ ಹಿಡಿಯತಕ್ಕದ್ದು.

ಅನಂತರ ಪೌಲನು ನಾಲ್ಕು ಭೇದಗಳನ್ನು ಹೇಳುತ್ತಾನೆ. ಈ ದೇಹವು ಅಳಿಯುವಂಥದು, ಆ ದೇಹವು ಅಳಿಯದಂಥದು. ಇದು ಹೀನಾವಸ್ಥೆಯುಳ್ಳದ್ದು, ಅದು ಮಹಿಮೆಯುಳ್ಳದ್ದು. ಇದು ಬಲಹೀನ, ಅದು ಬಲವುಳ್ಳದ್ದು. ಇದು ಪ್ರಾಕೃತ ದೇಹ, ಅದು ಆತ್ಮಿಕ ದೇಹ. ಈ ಕಡೇ ಮಾತಿನಿಂದ ಅನೇಕರು ಎಡವುತ್ತಾರೆ. ಆತ್ಮಿಕ ದೇಹವೆಂದರೆ ಆತ್ಮದಿಂದಲೇ ಮಾಡಲ್ಪಟ್ಟದ್ದು, ಹೊಗೆಯ ಹಾಗೆ ಮುಟ್ಟಲಾಗದ್ದು ಎಂದು ಅವರು ಭಾವಿಸುತ್ತಾರೆ. ಎತ್ತಿನ ಗಾಡಿಯೆಂದರೆ ಎತ್ತಿನಿಂದ ಮಾಡಿದ ಗಾಡಿಯೋ? ಅಲ್ಲ, ಎತ್ತು ಎಳೆಯುವ ಗಾಡಿ. ಹಾಗೆಯೇ ಪೌಲನು ಬರೆದ ಗ್ರೀಕ್ ಮಾತು ದೇಹವನ್ನು ನಡಿಸುವ ಶಕ್ತಿಯು ಯಾವದೆಂಬದನ್ನು ಸೂಚಿಸುತ್ತದೆ. ಈಗಿನ ದೇಹವನ್ನು ನಡಿಸುವದು ಉಸಿರಿನಷ್ಟೇ ಆಯುಸ್ಸುಳ್ಳ ಪ್ರಾಣವು; ಆಗಿನ ದೇಹವನ್ನು ನಡಿಸುವವನು ದೇವರ ಆತ್ಮನೇ.

ರಕ್ತಮಾಂಸಗಳು ದೇವರ ರಾಜ್ಯಕ್ಕೆ ಬಾಧ್ಯವಾಗಲಾರವೆಂದು ಅದೇ ಅಧ್ಯಾಯದಲ್ಲಿ ಇದೆಯಲ್ಲಾ ಎಂದು ಕೆಲವರು ಕೇಳಬಹುದು. ಹೌದು, ಆದರೆ ಅಲ್ಲಿಯೇ, ಅಳಿಯುವಂಥದು ಅಳಿಯದ್ದಕ್ಕೆ ಬಾಧ್ಯವಾಗಲಾರದೆಂದು ಅದರ ಅರ್ಥವನ್ನು ಬಿಡಿಸಿದ್ದಾನೆ. ಈಗಿರುವಂತೆ ಕೊಳೆಯುವ, ಸಾಯುವ ಸ್ಥಿತಿಯಲ್ಲಿಯೇ ಅದು ಒಳಗೆ ಬರಲಾರದು. ಆದಕಾರಣವೇ ಅದು ಮಾರ್ಪಡಬೇಕು. ದೇಹವನ್ನು ತಳ್ಳಿಬಿಡುವ ಮಾತು ಇದಲ್ಲ, ಅದನ್ನು ಹೊಸದಾಗಿ ಮಾಡುವ ಮಾತು.

4. ರೋನ್ ನದಿಗೆ ಎಸೆದ ಬೂದಿ

ಈಗ ಎರಡನೆಯ ಸಭೆಗೆ ಬರೋಣ. ಫ್ರಾನ್ಸ್ ದೇಶದಲ್ಲಿ ಈಗ ಲಿಯೋನ್ ಎಂದು ಕರೆಯಲ್ಪಡುವ ಪಟ್ಟಣಕ್ಕೆ ರೋಮಾಯರ ಕಾಲದಲ್ಲಿ ಲುಗ್ದುನವೆಂದು ಹೆಸರು. ರೋನ್ ನದಿಗೆ ಸೋನ್ ನದಿಯು ಅಲ್ಲಿ ಬಂದು ಸೇರುತ್ತದೆ. ಮಾರ್ಕಸ್ ಔರೇಲಿಯಸನು ಚಕ್ರವರ್ತಿಯಾಗಿದ್ದಾಗ, 177ನೆಯ ವರುಷದಲ್ಲಿ, ಆ ಪಟ್ಟಣದ ಜನರು ಕ್ರೈಸ್ತರ ಮೇಲೆ ಎದ್ದರು. ಅಲ್ಲಿಯ ಸಭೆಯವರೂ ನೆರೆಯ ವಿಯೆನ್ನದ ಸಭೆಯವರೂ ಕೂಡಿ ಈ ಶ್ರಮೆಗಳನ್ನು ಆಸ್ಯ ಮತ್ತು ಫ್ರುಗ್ಯ ಸೀಮೆಗಳ ಸಭೆಗಳಿಗೆ ಬರೆದು ತಿಳಿಸಿದರು. ಯುಸೇಬಿಯನೆಂಬ ಸಭಾಚರಿತ್ರೆಗಾರನು ಆ ಪತ್ರದ ಬಹುಭಾಗವನ್ನು ತನ್ನ ಗ್ರಂಥದ ಐದನೆಯ ಪುಸ್ತಕದಲ್ಲಿ ಸೇರಿಸಿದ್ದರಿಂದ ಅದು ನಮ್ಮ ವರೆಗೂ ಉಳಿದುಬಂದಿದೆ.

ತೊಂಬತ್ತು ವರುಷ ದಾಟಿದ ಸಭಾಧ್ಯಕ್ಷನಾದ ಪೊಥೀನನು ಹೊಡೆಸಿಕೊಂಡು, ಎರಡು ದಿನಗಳ ಮೇಲೆ ಸೆರೆಮನೆಯಲ್ಲಿ ಪ್ರಾಣಬಿಟ್ಟನು. ಬ್ಲಂದೀನಳೆಂಬ ದಾಸಿಯೊಬ್ಬಳಿದ್ದಳು, ಅವಳ ದೇಹವು ದುರ್ಬಲವಾದದ್ದು, ಇವಳು ಧೈರ್ಯವಾಗಿ ಅರಿಕೆಮಾಡಲಾರಳೆಂದು ಅವಳ ಯಜಮಾನಿಯೂ ಉಳಿದ ವಿಶ್ವಾಸಿಗಳೂ ಭಯಪಟ್ಟಿದ್ದರು. ಅವಳಾದರೋ ಬೆಳಗಿನಿಂದ ಸಾಯಂಕಾಲದ ವರೆಗೆ ಹಿಂಸಿಸಿದವರೇ ದಣಿಯುವಷ್ಟು ತಾಳಿಕೊಂಡಳು. ಕಡೆಗೆ ಸುಮಾರು ಹದಿನೈದು ವರುಷದ ಪೊಂತಿಕನೆಂಬ ಹುಡುಗನನ್ನು ಧೈರ್ಯಗೊಳಿಸಿ ತನ್ನ ಮುಂದೆ ಕಳುಹಿಸಿ, ಎಲ್ಲರಿಗಿಂತ ಹಿಂದೆ ತಾನೂ ಹೋದಳು.

ನಾವು ವಿಶೇಷವಾಗಿ ಗಮನಿಸತಕ್ಕದ್ದು ಇದಾದ ಮೇಲೆ ನಡೆದದ್ದನ್ನು. ವೈರಿಗಳು ರಕ್ತಸಾಕ್ಷಿಗಳ ಶವಗಳನ್ನು ಬಂಧುಗಳಿಗೆ ಕೊಡಲಿಲ್ಲ. ಸಭೆಯವರು ಬೇಡಿಕೊಂಡರು, ಹಣ ಕೊಡುತ್ತೇವೆಂದರು, ಕತ್ತಲಲ್ಲಿ ಹೋಗಿ ತರಲು ನೋಡಿದರು; ಯಾವದೂ ಸಾಗಲಿಲ್ಲ. ಆರು ದಿನ ಶವಗಳು ಬೈಲಿನಲ್ಲಿ ಕಾವಲಿನ ನಡುವೆ ಬಿದ್ದಿದ್ದವು. ತರುವಾಯ ಅವುಗಳನ್ನು ಸುಟ್ಟು, ಬೂದಿಯನ್ನು ಗುಡಿಸಿ, ಭೂಮಿಯ ಮೇಲೆ ಗುರುತೂ ಉಳಿಯಬಾರದೆಂದು ರೋನ್ ನದಿಯಲ್ಲಿ ಹಾಕಿಬಿಟ್ಟರು. ಯಾಕೆ? ಅವರೇ ಕಾರಣವನ್ನು ಹೇಳಿಕೊಂಡರು: ಈ ಜನರು ಪುನರುತ್ಥಾನವನ್ನು ನಂಬಿ ಹಿಂಸೆಗೆ ಅಂಜುವದಿಲ್ಲ, ಈಗ ಇವರು ಏಳುವರೋ, ಇವರ ದೇವರು ಇವರನ್ನು ನಮ್ಮ ಕೈಯಿಂದ ಬಿಡಿಸುವನೋ ನೋಡೋಣ ಎಂಬದಾಗಿ ಅಂದುಕೊಂಡರು.

ವಿರೋಧಿಗಳೇ ಇಲ್ಲಿ ನಮಗೆ ಸಾಕ್ಷಿಗಳಾದರು. ಆ ಕ್ರೈಸ್ತರು ಆತ್ಮದ ಬಿಡುಗಡೆಯನ್ನು ಮಾತ್ರ ನಿರೀಕ್ಷಿಸಿದ್ದರೆ ಶವವನ್ನು ಸುಡುವದರಿಂದ ಅವರ ನಿರೀಕ್ಷೆಯು ಕೆಡುವದೆಂದು ಯಾರು ತಾನೇ ಎಣಿಸುತ್ತಿದ್ದರು? ದೇಹವೇ ಏಳುವದೆಂದು ಅವರು ಎಲ್ಲರಿಗೂ ತಿಳಿಯುವಂತೆ ಹೇಳುತ್ತಿದ್ದದರಿಂದಲೇ ವೈರಿಗಳು ದೇಹದ ಮೇಲೆ ಬಿದ್ದರು. ಮಣ್ಣುಮಾಡಲು ಶವಗಳು ಸಿಕ್ಕದ್ದರಿಂದ ಸಭೆಯವರು ಬಹಳ ದುಃಖಪಟ್ಟರು. ಆದರೂ ತಮ್ಮವರಿಗೆ ಇನ್ನು ಪುನರುತ್ಥಾನವಿಲ್ಲವೆಂದು ಅವರು ಬರೆಯಲಿಲ್ಲ. ಅವರನ್ನು ಜಯಶಾಲಿಗಳೆಂದೇ ನೆನಸಿಕೊಂಡರು.

5. ದೇವರ ಕೈಗೆ ಸಿಕ್ಕದ್ದು ಯಾವದು?

ಪೊಥೀನನ ತರುವಾಯ ಆ ಪಟ್ಟಣದ ಸಭಾಧ್ಯಕ್ಷನಾದವನು ಐರೇನಿಯನು. ಸುಮಾರು 180ನೆಯ ವರುಷದಲ್ಲಿ ಅವನು ದುರ್ಬೋಧಕರಿಗೆ ವಿರೋಧವಾಗಿ ಐದು ಪುಸ್ತಕಗಳನ್ನು ಬರೆದನು. ದೇಹವು ರಕ್ಷಣೆಗೆ ಯೋಗ್ಯವಲ್ಲ, ಅದು ಕೀಳಾದ ಸೃಷ್ಟಿ ಎಂದು ಆ ಬೋಧಕರು ಹೇಳುತ್ತಿದ್ದರು. ಐದನೆಯ ಪುಸ್ತಕದಲ್ಲಿ ಐರೇನಿಯನು ಕೊಟ್ಟ ಉತ್ತರದ ಸಾರವೇನಂದರೆ: ಮೊದಲು ಇಲ್ಲದಿದ್ದ ಮನುಷ್ಯನನ್ನು ಮಣ್ಣಿನಿಂದ ಉಂಟುಮಾಡುವದು, ಒಮ್ಮೆ ಇದ್ದು ಮಣ್ಣಿಗೆ ಸೇರಿದವನನ್ನು ಎಬ್ಬಿಸುವದಕ್ಕಿಂತ ಕಷ್ಟವಾದದ್ದು, ಕಷ್ಟವಾದದ್ದನ್ನು ಮಾಡಿದ ದೇವರು ಸುಲಭವಾದದ್ದನ್ನು ಮಾಡಲಾರನೋ? ಮತ್ತು ಕರ್ತನ ಭೋಜನದ ರೊಟ್ಟಿಯನ್ನೂ ಪಾತ್ರೆಯನ್ನೂ ಈ ದೇಹವೇ ತೆಗೆದುಕೊಳ್ಳುತ್ತದೆ. ಕರ್ತನು ಪೋಷಿಸಿದ ದೇಹವು ನಿತ್ಯಜೀವಕ್ಕೆ ಹೊರಗಾದದ್ದೆಂದು ಹೇಳುವದು ಹೇಗೆ? ತನ್ನ ಊರಿನ ಹೊಳೆಯಲ್ಲಿ ಸಹೋದರರ ಬೂದಿಯು ಹರಿದುಹೋದ ಕೆಲವೇ ವರುಷಗಳ ಮೇಲೆ ಅವನು ಇದನ್ನು ಬರೆದನೆಂಬದನ್ನು ಮರೆಯಬಾರದು.

ಬೂದಿಯಾದ ಕಣಗಳನ್ನೆಲ್ಲಾ ದೇವರು ತಿರಿಗಿ ಕೂಡಿಸಬೇಕೋ ಎಂದು ಕೇಳುವವರಿಗೆ ಇನ್ನೊಂದು ಮಾತು. ನಾವು ಬದುಕಿರುವಾಗಲೇ ನಮ್ಮ ದೇಹವು ಮಾರ್ಪಡುತ್ತಾ ಇದೆ. ನಮ್ಮ ರಕ್ತದ ಕೆಂಪುಕಣಗಳು ಸುಮಾರು 120 ದಿನ ಮಾತ್ರ ಬಾಳಿ ಸತ್ತು, ಅವುಗಳ ಬದಲಿಗೆ ಹೊಸವು ಹುಟ್ಟುತ್ತವೆಂದು ವೈದ್ಯಶಾಸ್ತ್ರವು ತಿಳಿಸುತ್ತದೆ. ಹಾಗಿದ್ದರೂ ತೊಟ್ಟಿಲಿನಲ್ಲಿ ತೂಗಿದ ಮಗುವೇ ಇವನು ಎಂದು ತಾಯಿಯು ನರೆಬಂದ ಮಗನನ್ನು ಗುರುತಿಸುತ್ತಾಳೆ. ಮೂರನೆಯ ಶತಮಾನದಲ್ಲಿ ಒರಿಗೇನನೆಂಬ ಪಂಡಿತನು ದೇಹವನ್ನು ಹೊಳೆಗೆ ಹೋಲಿಸಿದನು. ನೀರು ಹರಿದುಹೋಗುತ್ತಿದ್ದರೂ ಹೊಳೆಯು ಅದೇ. ನಮ್ಮನ್ನು ಈಗ ದಿನದಿನವೂ ಒಬ್ಬರಾಗಿ ಹಿಡಿದಿರುವ ದೇವರು ಆಗಲೂ ನಮ್ಮನ್ನು ನಾವಾಗಿಯೇ ಎಬ್ಬಿಸಬಲ್ಲನು.

ಆದಕಾರಣ ಮೊದಲಿನ ಪ್ರಶ್ನೆಗೆ ನಿಸ್ಸಂದೇಹವಾಗಿ ಉತ್ತರ ಕೊಡಬಹುದು. ಬೆಂಕಿಯಾಗಲಿ ನೀರಾಗಲಿ ಕಾಡುಮೃಗವಾಗಲಿ ದೇವರ ಕೈಯನ್ನು ಕಟ್ಟಲಾರದು. ಮಣ್ಣುಮಾಡುವದು ನಮ್ಮ ನಿರೀಕ್ಷೆಯ ಗುರುತು. ಅದು ಪುನರುತ್ಥಾನದ ಷರತ್ತಲ್ಲ. ಬಹುಕಾಲ ದಹನವನ್ನು ನಿಷೇಧಿಸಿದ್ದ ರೋಮನ್ ಕಥೋಲಿಕ ಸಭೆಯು ಸಹ, ಪುನರುತ್ಥಾನವನ್ನು ಅಲ್ಲಗಳೆಯುವದಕ್ಕಾಗಿ ಮಾಡದಿದ್ದರೆ ಅದಕ್ಕೆ ಅಡ್ಡಿಯಿಲ್ಲವೆಂದು 1963ರಲ್ಲಿ ತೀರ್ಮಾನಿಸಿತು. ತಮ್ಮವರ ಸಮಾಧಿಯ ಗುರುತಿಲ್ಲದವರು ಧೈರ್ಯವಾಗಿರಲಿ. ಆ ಸ್ಥಳವನ್ನು ಕರ್ತನು ಅರಿತಿದ್ದಾನೆ.

6. ಪುನರುತ್ಥಾನವೂ ಪುನರ್ಜನ್ಮವೂ

ನಮ್ಮ ದೇಶದಲ್ಲಿ ಈ ಎರಡು ಮಾತುಗಳು ಕಿವಿಗೆ ಒಂದೇ ತರವಾಗಿ ಕೇಳಿಸುವದರಿಂದ ಅವುಗಳ ಭೇದವನ್ನು ತಿಳಿದಿರಬೇಕು. ಪುನರ್ಜನ್ಮವೆಂದರೆ ಆತ್ಮವು ಹಳೆಯ ಬಟ್ಟೆಯಂತೆ ಒಂದು ದೇಹವನ್ನು ಬಿಟ್ಟು ಮತ್ತೊಂದು ದೇಹದಲ್ಲಿ ಹುಟ್ಟುವದೆಂದು ನಮ್ಮ ನೆರೆಯವರು ಹೇಳುತ್ತಾರೆ. ಪುನರುತ್ಥಾನದ ನಂಬಿಕೆಯಲ್ಲಾದರೋ ದೇಹವು ಬಟ್ಟೆಯಲ್ಲ. ಅದು ಮನುಷ್ಯನ ಒಂದು ಪಾಲೇ. ಹಲವು ಸಾರಿ ಹುಟ್ಟುವದಲ್ಲ, ಒಂದೇ ಸಾರಿ ಏಳುವದು. ಬೇರೊಬ್ಬನಾಗಿ ಅಲ್ಲ, ಅದೇ ಹೆಸರುಳ್ಳವನಾಗಿ, ಅದೇ ತಾಯಿಯ ಮಗನಾಗಿ ಏಳುವದು. ನೆರೆಯವರು ಕೇಳಿದರೆ ಜಗಳವಾಡದೆ ಇದನ್ನು ಸಾವಧಾನವಾಗಿ ತಿಳಿಸೋಣ.

7. ಈ ನಂಬಿಕೆಯ ಫಲವು

ದೇಹವು ಏಳುವಂಥದಾದರೆ ಈಗಲೂ ಅದನ್ನು ತುಚ್ಛವಾಗಿ ಎಣಿಸಬಾರದು. ಪೌಲನು ಅದೇ ಪತ್ರದ 6ನೆಯ ಅಧ್ಯಾಯದಲ್ಲಿ, ದೇಹವು ಪವಿತ್ರಾತ್ಮನ ಆಲಯವಾಗಿರುವದರಿಂದಲೂ ದೇವರು ನಮ್ಮನ್ನೂ ಎಬ್ಬಿಸುವನಾದದರಿಂದಲೂ ಜಾರತ್ವವನ್ನು ಬಿಟ್ಟು ಓಡಬೇಕೆಂದು ಬೋಧಿಸಿದನು. ಸೇಂದಿಯಿಂದ ತನ್ನ ದೇಹವನ್ನು ಕೆಡಿಸಿಕೊಳ್ಳುವವನೂ, ಕೋಪದಿಂದ ಹೆಂಡತಿಯನ್ನು ಹೊಡೆಯುವವನೂ ದೇವರು ಎಬ್ಬಿಸಲಿರುವ ದೇಹಕ್ಕೇ ಕೇಡು ಮಾಡುತ್ತಾರೆ. ಕುಷ್ಠರೋಗದಿಂದ ಬೆರಳುಗಳನ್ನು ಕಳೆದುಕೊಂಡವನನ್ನು ನೋಡಿ ಮುಖ ತಿರುಗಿಸುವವನು, ಮಹಿಮೆಯ ದೇಹವಾಗತಕ್ಕ ಬೀಜವನ್ನು ಕಂಡು ಮುಖ ತಿರುಗಿಸುತ್ತಾನೆ.

ಪೂರ್ವಕಾಲದ ಕ್ರೈಸ್ತರು ಇದನ್ನು ಕ್ರಿಯೆಯಲ್ಲಿ ತೋರಿಸಿದರು. ಎರಡನೆಯ ಶತಮಾನದಲ್ಲಿ ಅಥೇನೆಯ ಅರಿಸ್ತೀದನು ಚಕ್ರವರ್ತಿಗೆ ಬರೆದ ಅರಿಕೆಯಲ್ಲಿ, ಬಡವನೊಬ್ಬನು ಸತ್ತರೆ ಕ್ರೈಸ್ತರು ಕೈಲಾದಷ್ಟು ಕೊಟ್ಟು ಅವನನ್ನು ಮಣ್ಣುಮಾಡುತ್ತಾರೆಂದು ತಿಳಿಸಿದನು. ಪುನರುತ್ಥಾನದ ಮಾತಿಗೆ ನಕ್ಕ ಊರಿನಿಂದಲೇ ಈ ಸಾಕ್ಷಿಯು ಬಂದಿತು. ಸುಮಾರು 260ನೆಯ ವರುಷದ ಹೊತ್ತಿಗೆ ಅಲೆಕ್ಸಾಂದ್ರಿಯದಲ್ಲಿ ಮಹಾವ್ಯಾಧಿಯು ಹಬ್ಬಿದಾಗ, ವಿಶ್ವಾಸಿಗಳು ರೋಗಿಗಳನ್ನು ಉಪಚರಿಸಿ, ಸತ್ತವರ ಕಣ್ಣು ಬಾಯಿಗಳನ್ನು ಮುಚ್ಚಿ, ಶವಗಳನ್ನು ತೊಳೆದು, ಹೆಗಲ ಮೇಲೆ ಹೊತ್ತರೆಂದೂ, ಅನೇಕರು ಅದೇ ರೋಗದಿಂದ ತಾವೂ ಸತ್ತರೆಂದೂ ಅಲ್ಲಿಯ ಸಭಾಧ್ಯಕ್ಷನಾದ ದಿಯೊನೀಸಿಯನು ಬರೆದನು. ಅವರು ಸಮಾಧಿಯ ಸ್ಥಳಕ್ಕೆ ಇಟ್ಟ ಗ್ರೀಕ್ ಹೆಸರಿಗೆ ‘ಮಲಗುವ ಸ್ಥಳ’ವೆಂದು ಅರ್ಥ. ಮಲಗಿದವನು ಏಳುವನಲ್ಲವೇ?

ಪೌಲನು ತನ್ನ 15ನೆಯ ಅಧ್ಯಾಯವನ್ನು ಮುಗಿಸಿದ್ದು ಹೇಗೆಂದು ಕಡೆಗೆ ನೋಡಿರಿ. ಕರ್ತನಲ್ಲಿ ನೀವು ಪಡುವ ಪ್ರಯಾಸವು ವ್ಯರ್ಥವಾಗುವದಿಲ್ಲವೆಂದು ಹೇಳಿ, 16ನೆಯ ಅಧ್ಯಾಯದ ಮೊದಲನೆಯ ಸಾಲಿನಲ್ಲಿಯೇ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಮಾತನ್ನು ತೆಗೆದನು. ಕಡೇ ತುತೂರಿಯ ಮಾತಿನಿಂದ ಕಾಣಿಕೆಯ ಪೆಟ್ಟಿಗೆಯ ಮಾತಿಗೆ ಬರುವದು ಅವನಿಗೆ ಕೀಳೆಂದು ತೋರಲಿಲ್ಲ. ಏಳಲಿರುವ ದೇಹಕ್ಕೆ ಈ ಹೊತ್ತು ಅನ್ನ ಬೇಕು. ಆದದರಿಂದ ಪ್ರಿಯರೇ, ಸತ್ತವರಿಗಾಗಿ ನಿರೀಕ್ಷೆಯಿಲ್ಲದವರಂತೆ ದುಃಖಿಸದೆ, ಬದುಕಿರುವವರಿಗಾಗಿ ಕೈಚಾಚದೆ ಇರದೆ, ಕರ್ತನ ಬರೋಣವನ್ನು ಎದುರುನೋಡೋಣ.

ಮನೆಯಲ್ಲಿಯೂ ಸಭೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಕೊರಿಂಥದವರು ಯಾವದನ್ನು ನಂಬಿದರು, ಯಾವದನ್ನು ಸಂದೇಹಪಟ್ಟರು?
2. ಲಾಜರನು ಎದ್ದದ್ದಕ್ಕೂ ಕರ್ತನು ಎದ್ದದ್ದಕ್ಕೂ ಇರುವ ಭೇದವೇನು?
3. ಆತ್ಮಿಕ ದೇಹವೆಂಬ ಮಾತಿನ ಅರ್ಥವೇನು?
4. ಲುಗ್ದುನದ ವೈರಿಗಳು ಬೂದಿಯನ್ನು ನದಿಗೆ ಹಾಕಿದ್ದರಿಂದ ಆ ಸಭೆಯ ನಂಬಿಕೆಯ ವಿಷಯವಾಗಿ ನಮಗೆ ಏನು ತಿಳಿಯುತ್ತದೆ?
5. ನಮ್ಮ ಊರಿನಲ್ಲಿ ಯಾರ ದೇಹಕ್ಕೆ ಈಗ ಉಪಚಾರ ಬೇಕಾಗಿದೆ? ಅದಕ್ಕಾಗಿ ನಮ್ಮ ಸಭೆಯು ಈ ತಿಂಗಳಲ್ಲಿ ಏನು ಮಾಡಬಹುದು?